ಕುರಿ ಕಾಯುವವನ ಇಂಗ್ಲಿಷ್

ನನ್ನ ಗಂಟಲಿನ ದನಿಪೆಟ್ಟಿಗೆಯನ್ನು ತೆಗೆದುಹಾಕಿದಾಗ ನಮ್ಮ ಮನೆಯಲ್ಲಿ ಯಾರೂ ಹೆಚ್ಚು ಅಳಲಿಲ್ಲ. ನಾನು ಬ್ರಹ್ಮಾವರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು. ಬೆಳಿಗ್ಗೆ ಕೋಟದಲ್ಲಿ ಬಸ್ಸು ಹತ್ತಿ, ಸಂಜೆ ಕೋಟದಲ್ಲಿ ಇಳಿದು, ಹಾಗೇ ಸರ್ವಿಸು ಮುಗಿಸಿದೆ. ನನ್ನ ದನಿ ಶಾಲೆಯ ಗೇಟಿನ ಆಚೆಗೂ ಕೇಳುತ್ತದೆ ಎಂದು ಮಕ್ಕಳು ಹೇಳುತ್ತಿದ್ದರು, ಅದು ಹೊಗಳಿಕೆಯಾಗಿರಲಿಲ್ಲ. ನನ್ನ ಗಂಡ ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದರು. ವರ್ಷಕ್ಕೊಮ್ಮೆ ಊರಿಗೆ ಬಂದು ಹೋಗುವವರು. ಹಾಗಾಗಿ ನಮ್ಮ ಸಂಸಾರ ನಡೆದದ್ದು ಬಹುಪಾಲು ಫೋನಿನಲ್ಲಿ, ಅಂದರೆ ನನ್ನ ದನಿಯಲ್ಲಿ. ಅವರು ಹೋಟೆಲು ಬಿಟ್ಟುಕೊಟ್ಟು ಊರಿಗೆ ಬಂದು ಕೂತರು. ಸ್ವಲ್ಪ ಸಮಯಕ್ಕೆ ನನ್ನ ಗಂಟಲಿಗೆ ಕ್ಯಾನ್ಸರ್ ಬಂತು.

ನೋಡಲು ಬಂದವರು ಮೊದಲು ಕೇಳುತ್ತಿದ್ದದ್ದು, "ಟೀಚರ್ರೆ, ನೀವ್ ಹೊಗೆಸೊಪ್ಪ್ ತಿಂತಿದ್ರ್ಯಾ?" ಎಂದು. ಇಲ್ಲ ಎಂದು ತಲೆಯಾಡಿಸಿದರೆ ಅವರಿಗೆ ಸಮಾಧಾನವಾಗುತ್ತಿರಲಿಲ್ಲ. ಪಕ್ಕದ ಮನೆಯಲ್ಲೇ ಇರುವ ನನ್ನ ಗಂಡನ ಅಕ್ಕ, ನನ್ನ ಅತ್ತಿಗೆ, ಕಾರಣ ಹುಡುಕುವ ಕಷ್ಟ ತೆಗೆದುಕೊಳ್ಳಲಿಲ್ಲ. ನಾನು ಎದುರಿಗೇ ಕೂತಿದ್ದಾಗ ಬಂದವರಿಗೆ, "ದೇವ್ರಿಗೆ ಎಲ್ಲಿ ಹಿಡೂಕಂದ್ ಗೊತ್ತಿತ್ತ್" ಎಂದರು.

ಈ ಆಪರೇಷನ್ ಆದವರು ಕುತ್ತಿಗೆಯಲ್ಲಿರುವ ತೂತಿನಿಂದ ಉಸಿರಾಡುತ್ತಾರೆ. ಬಾಯಿಗೂ ಶ್ವಾಸಕೋಶಕ್ಕೂ ಸಂಬಂಧ ಕಡಿದುಹೋಗುತ್ತದೆ. ಬಿಸಿ ಚಹಾ ಊದಲು ಬರುವುದಿಲ್ಲ, ಮೂಗು ಸೀಟಲು ಬರುವುದಿಲ್ಲ, ಸಿಳ್ಳೆ ಹಾಕಲು ಬರುವುದಿಲ್ಲ. ಮೀನು ಕೆಟ್ಟಿದೆಯೋ ಇಲ್ಲವೋ ವಾಸನೆಯಿಂದ ತಿಳಿಯುವುದಿಲ್ಲ. ಮಾತಿಗೆ ಒಂದು ಯಂತ್ರ ಕೊಟ್ಟಿದ್ದರು, ಸಣ್ಣ ಟಾರ್ಚಿನಷ್ಟು ದೊಡ್ಡದು. ಅದನ್ನು ಗಂಟಲಿಗೆ ಒತ್ತಿ ಬಾಯಿ ಆಡಿಸಿದರೆ ಕಣಜ ಹಾರಿದ ಹಾಗೆ ಗುಂಯ್ ಎಂಬ ಒಂದೇ ಸ್ವರದಲ್ಲಿ ಮಾತು ಹೊರಡುತ್ತದೆ. ಒಮ್ಮೆ ಮುಂಬಯಿಯಿಂದ ಗಂಡನ ಹಳೆಯ ಪಾಲುದಾರರು ಫೋನು ಮಾಡಿದಾಗ, ಗಂಡ ಸ್ನಾನಕ್ಕೆ ಹೋಗಿದ್ದರೆಂದು ನಾನೇ ಎತ್ತಿ ಮಾತಾಡಿದೆ. ಅವರು ಯಾವುದೋ ಕಂಪೆನಿಯ ರೆಕಾರ್ಡಿಂಗ್ ಎಂದುಕೊಂಡು ಬೈದು ಇಟ್ಟುಬಿಟ್ಟರು. ಗಂಡ ಆ ಕಥೆಯನ್ನು ಬಂದವರಿಗೆಲ್ಲ ಹೇಳಿ ನಗಿಸಿದರು. ಕೊನೆಗೆ, "ಈಗ ಮನಿ ತಣ್ಣಗಿತ್ತ್ ಕಾಣಿ" ಎಂದು ಸೇರಿಸುತ್ತಿದ್ದರು.

ಯಂತ್ರವನ್ನು ಡ್ರಾಯರಿಗೆ ಹಾಕಿ ನಾನು ಫೋನು ಹಿಡಿದೆ. ದನಿಪೆಟ್ಟಿಗೆ ಕಳೆದುಕೊಂಡವರದೇ ಒಂದು ಆನ್‌ಲೈನ್ ಗುಂಪು ಇತ್ತು. ಬೇರೆ ಬೇರೆ ದೇಶದವರು, ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ತೂತಿಗೆ ಯಾವ ಬಟ್ಟೆ ಕಟ್ಟಬೇಕು, ಕಫ ಗಟ್ಟಿಯಾದರೆ ಏನು ಮಾಡಬೇಕು, ತಲೆಗೆ ನೀರು ಹಾಕಿಕೊಳ್ಳುವುದು ಹೇಗೆ ಎಂಬ ಮಾತು ಅಲ್ಲಿ ನಡೆಯುತ್ತಿತ್ತು. ಅಲ್ಲಿ ಎಲ್ಲರೂ ಮೂಗರೇ, ಹಾಗಾಗಿ ಬರೆಯಲು ಬಂದವರದೇ ದೊಡ್ಡ ದನಿ. ನನಗೆ ಬರೆಯಲು ಬರುತ್ತಿತ್ತು. ಕೆಲವೇ ತಿಂಗಳಲ್ಲಿ ಗುಂಪಿನ ಯಜಮಾನ, ಯಾವುದೋ ಚಳಿ ದೇಶದ ಒಬ್ಬ ಮುದುಕ, ಹೊಸಬರನ್ನು ಸ್ವಾಗತಿಸುವ ಕೆಲಸ ನನಗೆ ವಹಿಸಿದ. ನಾನು ಅದನ್ನು ಕ್ಲಾಸು ತೆಗೆದುಕೊಳ್ಳುವಷ್ಟೇ ಶ್ರದ್ಧೆಯಿಂದ ಮಾಡಿದೆ.

ಒಂದು ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದಾಗ ಗುಂಪಿನಲ್ಲಿ ಫ್ರೆಂಚಿನ ಬರಹವೊಂದು ಬಂತು. ನನಗೆ ಫ್ರೆಂಚಿನಲ್ಲಿ ಬೋಂಜೂರ್ ಎಂಬ ನಮಸ್ಕಾರ ಬಿಟ್ಟರೆ ಏನೂ ಗೊತ್ತಿಲ್ಲ. ಫೋನಿನಲ್ಲೇ ಅನುವಾದ ಮಾಡಿ ಓದಿದೆ. ಬರೆದವನು ಗುಡ್ಡದ ಮೇಲೆ ಕುರಿ ಸಾಕುವವನು. ಕುರಿ ತಿರುಗಿಸುವ ನಾಯಿ ಒಂದಿದೆ. ಎಡಕ್ಕೆ, ಬಲಕ್ಕೆ, ನಿಲ್ಲು, ಮಲಗು ಎಂದು ಕೂಗಿದರೆ ಎಷ್ಟು ದೂರವಿದ್ದರೂ ಮಾಡುತ್ತಿತ್ತು. ಈಗ ಕೂಗಲು ದನಿಯಿಲ್ಲ, ಸಿಳ್ಳೆಯೂ ಇಲ್ಲ. ಯಂತ್ರ ಹಿಡಿದು ಮಾತಾಡಿದರೆ ನಾಯಿ ಗಾಡಿಯ ಅಡಿಗೆ ನುಗ್ಗಿ ಹಲ್ಲು ತೋರಿಸುತ್ತದೆ. ಕೈಸನ್ನೆಯಿಂದ ನಾಯಿಗೆ ಕಲಿಸಿದವರು ಇಲ್ಲಿ ಯಾರಾದರೂ ಇದ್ದೀರಾ ಎಂಬುದು ಅವನ ಪ್ರಶ್ನೆ.

ನಾನು ಉತ್ತರ ಟೈಪು ಮಾಡುವಷ್ಟರಲ್ಲಿ ಬೇರೆಯವರದು ಬಂದಾಗಿತ್ತು. ಮೊದಲನೆಯವನು, ಇಲ್ಲಿ ಇಂಗ್ಲಿಷ್ ಮಾತ್ರ, ನಿಯಮ ಓದಿಕೊಳ್ಳಿ ಎಂದಿದ್ದ. ಇನ್ನೊಬ್ಬಳು ಬರಹವನ್ನು ಅನುವಾದ ಮಾಡಿಕೊಂಡು ಓದಿದ್ದಳು. ಓದಿ, ಬೆಕ್ಕು ಸಾಕಲಿ, ಅದು ಹೇಗೂ ಯಾರ ಮಾತೂ ಕೇಳುವುದಿಲ್ಲ ಎಂದಿದ್ದಳು. ಮತ್ತೊಬ್ಬ ಕುತ್ತಿಗೆಯ ತೂತಿನಿಂದ ಬೊಗಳಿ ನೋಡಲಿ ಎಂದಿದ್ದ. ಅದರ ಕೆಳಗೆ ನಗುವ ಮುಖಗಳ ಸಾಲು. ನಕ್ಕವರೆಲ್ಲ ಕುತ್ತಿಗೆಯಲ್ಲಿ ತೂತು ಇರುವವರೇ. ಹಲವರಿಗೆ ನಾನೇ ಸ್ವಾಗತ ಹೇಳಿದ್ದೆ. ಅವರು ಮೊದಲ ದಿನ ಬರೆದ ಅಳು ನನಗೆ ನೆನಪಿತ್ತು.

ನಾನು ಅವನ ಬರಹವನ್ನು ಇಂಗ್ಲಿಷಿಗೆ ತಂದು ಹಾಕಿದೆ. ಅದರ ಜೊತೆಗೆ, ನಿಮಗೆ ಸ್ವಾಗತ, ನಿಮ್ಮ ಪ್ರಶ್ನೆ ಒಳ್ಳೆಯದು ಎಂದು ಅನುವಾದದ ಫ್ರೆಂಚಿನಲ್ಲೇ ಬರೆದೆ. ಯಜಮಾನ ನನಗೆ ಪ್ರತ್ಯೇಕವಾಗಿ ಬರೆದ: ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ಅವರವರ ಭಾಷೆ ತರುತ್ತಾರೆ, ಸ್ವಾಗತಿಸುವವರು ನಿಯಮ ಮುರಿಯಬಾರದು. ಅದು ಒಪ್ಪುವ ಮಾತೇ ಆಗಿತ್ತು. ಶಾಲೆಯಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ.

ಹಾಗಾಗಿ ಕುರಿಯವನಿಗೆ ಇಂಗ್ಲಿಷ್ ಕಲಿಸಲು ಹೊರಟೆ. ಕೇಳಿದ್ದು ಅವನೇ. ದಿನಾ ಕೆಲವು ವಾಕ್ಯ ಬರೆದು ಕಳಿಸುತ್ತಿದ್ದ, ನಾನು ತಿದ್ದಿ ವಾಪಸು ಕಳಿಸುತ್ತಿದ್ದೆ. ಸುಮ್ಮನೆ ಹೊಗಳುವುದು ನನಗೆ ಯಾವ ಕಾಲದಲ್ಲೂ ಬಂದಿಲ್ಲ. ಒಂದೇ ತಪ್ಪು ಎರಡನೇ ಸಲ ಮಾಡಿದರೆ, ಮೊನ್ನೆ ಹೇಳಿದ್ದೇನೆ, ಹಿಂದೆ ನೋಡಿ ಎಂದು ಬರೆಯುತ್ತಿದ್ದೆ. ಅವನೂ ಹಟಮಾರಿ. ನಾಯಿ ಇವತ್ತು ಕೈ ಎತ್ತಿದ್ದನ್ನು ನೋಡಿತು, ಆದರೆ ಬರಲಿಲ್ಲ. ನಾಯಿ ಇವತ್ತು ನನ್ನ ಕಡೆ ನೋಡಲೇ ಇಲ್ಲ. ಹೀಗೆ ನಾಯಿಯ ಸುದ್ದಿಯಲ್ಲೇ ಅವನ ವ್ಯಾಕರಣ ಸುಧಾರಿಸುತ್ತಾ ಬಂತು. ಕಲಿತ ನಾಯಿ ಕೆಲಸ ಮಾಡುವಾಗ ಕುರಿಯನ್ನು ನೋಡುತ್ತದೆ, ಸಾಕಿದವನನ್ನು ನೋಡುವುದಿಲ್ಲ, ಅದಕ್ಕೇ ಕೈಸನ್ನೆ ಉಪಯೋಗಕ್ಕೆ ಬರುವುದಿಲ್ಲ ಎಂದು ಅವನು ವಿವರಿಸಿ ಬರೆದ ಪ್ಯಾರಾದಲ್ಲಿ ನನಗೆ ತಿದ್ದಲು ಏನೂ ಸಿಗಲಿಲ್ಲ.

ಅತ್ತಿಗೆ ಒಂದು ದಿನ ನಾನು ಟೈಪು ಮಾಡುವಾಗ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು. "ಯಾರ್ ಹೆಣೆ ಅದ್? ದಿನಾ ಅಷ್ಟ್ ಕುಟ್ತೆ."

ಕುರಿ ಸಾಕುವವನು, ಫ್ರಾನ್ಸಿನವನು ಎಂದು ಕನ್ನಡದಲ್ಲಿ ಟೈಪು ಮಾಡಿ ತೋರಿಸಿದೆ. ಅವರು ಅಂಗಳದಲ್ಲಿದ್ದ ತಮ್ಮನನ್ನು ಕರೆದರು. "ಹ್ವಾಯ್, ಕೇಂಡ್ಯಾ? ನಿನ್ ಹೆಂಡ್ತಿ ಮಾತ್ ಹೋದ್ ಮೇಲೆ ಫ್ರಾನ್ಸ್ ಗಂಡಸಿನ್ ಹತ್ರ ಮಾತಾಡ್ತಾಳಂಬ್ರ್."

ಗಂಡ ಅಲ್ಲಿಂದಲೇ, "ಆಡ್ಲಿ ಬಿಡ್. ನಮ್ಗೆ ಕೇಣೂದಿಲ್ಲ ಅಲ್ದಾ?" ಎಂದರು. ಇಬ್ಬರೂ ನಕ್ಕರು. ನನಗೆ ಬಾಯಿಗೆ ಬಂದ ಉತ್ತರ ಬಾಯಲ್ಲೇ ಉಳಿಯಿತು. ಡ್ರಾಯರಿನಿಂದ ಯಂತ್ರ ತಂದು ಹೇಳುವಷ್ಟರಲ್ಲಿ ಅದರ ಖಾರವೆಲ್ಲ ಹೋಗಿಬಿಡುತ್ತದೆ. ನಗುವವರು ನಕ್ಕು ಮುಗಿಸಿ ಬೇರೆ ವಿಷಯಕ್ಕೆ ಹೋಗಿರುತ್ತಾರೆ.

ಆಮೇಲೆ ಕೆಲವು ದಿನ ಕುರಿಯವನಿಂದ ವಾಕ್ಯಗಳು ಬರಲಿಲ್ಲ. ಆ ಹೊತ್ತಿಗೆ ಹಾಲಾಡಿಯಲ್ಲಿ ಗಂಡನ ಕಡೆಯ ಒಂದು ಮದುವೆ. ಕಲ್ಯಾಣಮಂಟಪದಲ್ಲಿ ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿ ಎಲ್ಲರೂ ಬಂದು ಗಂಡನನ್ನು ಮಾತಾಡಿಸಿ ಹೋಗುತ್ತಿದ್ದರು. "ಇವ್ರಿಗೆ ಉಂಬುಕಾತ್ತಾ?" "ಇವ್ರಿಗೆ ಗೊತ್ತಾತ್ತಾ?" ಎಂದು ಅವರನ್ನೇ ಕೇಳುತ್ತಿದ್ದರು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಾತ್ರ ಎದುರಿಗೆ ನಿಂತು, ನಾನು ಕಿವುಡಿಯೋ ಎಂಬಂತೆ, "ಟೀಚರ್, ನಾನ್ ಯಾರ್ ಗೊತ್ತಾಯ್ತಾ?" ಎಂದು ಕಿರುಚಿದಳು. ಗೊತ್ತಾಗಿತ್ತು. ಊಟ ಮುಗಿಸಿ ಫೋನು ತೆಗೆದಾಗ ಗುಂಪಿನಲ್ಲಿ ಅವನ ಬರಹವಿತ್ತು. ನನಗೆ ತೋರಿಸದೆ ಅವನು ನೇರವಾಗಿ ಹಾಕಿದ ಮೊದಲನೆಯ ಬರಹ, ಇಂಗ್ಲಿಷಿನಲ್ಲಿ.

ಕನ್ನಡದಲ್ಲಿ ಹೇಳುವುದಾದರೆ ಅವನು ಬರೆದದ್ದು ಇಷ್ಟು: ಬೆಳಿಗ್ಗೆ ಮಂಜಿತ್ತು. ನಾಯಿ ಕುರಿಗಳನ್ನು ಗುಡ್ಡದ ಅಂಚಿನ ಕಡೆ ಓಡಿಸುತ್ತಿತ್ತು. ನಿಲ್ಲು ಎಂದು ನಾನು ಬಾಯಿ ತೆರೆದೆ. ಅಭ್ಯಾಸಬಲದಿಂದ ಮತ್ತೆ ಮತ್ತೆ ತೆರೆದೆ. ಮುಂದಿದ್ದ ಕುರಿಗಳು ಕೆಳಗೆ ಬಿದ್ದವು. ಬಿದ್ದವುಗಳಲ್ಲಿ ಕೆಲವು ತಕ್ಷಣ ಸಾಯಲಿಲ್ಲ. ನಾಯಿಯದು ತಪ್ಪಿಲ್ಲ, ಅದು ಮಾತಿಗೆ ಕಾಯುತ್ತಿತ್ತು. ಈಗ ಅದನ್ನು ಪಕ್ಕದ ಗುಡ್ಡದವನಿಗೆ ಕೊಟ್ಟಿದ್ದೇನೆ. ಅವನ ದನಿಗೆ ಅದು ಮೊದಲ ದಿನವೇ ಒಗ್ಗಿತು. ಸಂಜೆ ಅವನು ಅದನ್ನು ಕೂಗುವುದು ನನ್ನ ಮನೆಗೆ ಕೇಳುತ್ತದೆ. ನನ್ನದೇ ಮಾತುಗಳು.

ಅದರ ಕೆಳಗೆ ಚಪ್ಪಾಳೆಯ ಚಿತ್ರಗಳು ತುಂಬಿದ್ದವು. ನಿಮ್ಮ ಇಂಗ್ಲಿಷ್ ಅದ್ಭುತವಾಗಿದೆ! ಎಷ್ಟು ಬೇಗ ಕಲಿತಿರಿ! ಬೆಕ್ಕು ಸಾಕಲಿ ಎಂದಿದ್ದವಳು, ನಮಗೆಲ್ಲ ನಿಮ್ಮ ಬಗ್ಗೆ ಹೆಮ್ಮೆ ಎಂದು ಬರೆದಿದ್ದಳು. ಯಜಮಾನ, ನಿಯಮ ಏಕೆ ಬೇಕು ಎಂಬುದಕ್ಕೆ ಇದೇ ಉದಾಹರಣೆ ಎಂದು ಬರೆದು, ಕಲಿಸಿದ್ದಕ್ಕೆ ನನಗೂ ಒಂದು ಚಪ್ಪಾಳೆ ಹಾಕಿದ್ದ. ನಾಯಿಯ ಬಗ್ಗೆ, ಕುರಿಗಳ ಬಗ್ಗೆ ಒಬ್ಬರದೂ ಒಂದು ಮಾತಿಲ್ಲ.

ನನಗೆ ಅಳು ಬಂತು. ನಾವು ಅತ್ತರೆ ಸದ್ದಾಗುವುದಿಲ್ಲ, ಕುತ್ತಿಗೆಯಿಂದ ಬುಸ್ ಬುಸ್ ಎಂದು ಗಾಳಿ ಬರುತ್ತದೆ, ಕಟ್ಟಿದ ಬಟ್ಟೆ ಒದ್ದೆಯಾಗುತ್ತದೆ. ಪಕ್ಕದ ಕುರ್ಚಿಯವರು ಎದ್ದು ದೂರ ಹೋದರು. ಗಂಡ ನನ್ನ ಅಳುವಿಗೆ ಕಾರಣ ನೋಡಲು ಫೋನು ತೆಗೆದುಕೊಂಡು, ಅನುವಾದ ಒತ್ತಿ, ನಿಧಾನಕ್ಕೆ ಪೂರ್ತಿ ಓದಿದರು.

"ನಾಯಿಗಾಯಿ ಮರ್ಕೂದಾ ನೀನ್?" ಎಂದರು. "ಅದ್ ಸತ್ತದ್ದೂ ಅಲ್ಲ ಮಾರಾಯ್ತಿ. ಬೇರೆ ಮನ್ಯಂಗೆ ಇತ್ತ್."

ಅತ್ತಿಗೆ ಮುಂದಿನ ಸಾಲಿನಿಂದ ತಿರುಗಿದರು. "ಮದಿ ಮನ್ಯಂಗೆ ಮರ್ಕುಕಾಗ ಹೆಣೆ. ಮುಖ ಒರ್ಸ್ಕೊ. ಫೋಟೋ ತೆಗಿತ್ರ್."

ನಾನು ಮುಖ ಒರೆಸಿಕೊಂಡೆ. ಫೋಟೋದವನು ಬಂದಾಗ ಸೆರಗು ಕುತ್ತಿಗೆಗೆ ಸುತ್ತಿಕೊಂಡು ನಿಂತೆ. ವಾಪಸು ಬಂದು ಕೂತು ಗುಂಪಿಗೆ ಬರೆದೆ. ಬಹಳ ಕಾಲದ ಮೇಲೆ ಕ್ಲಾಸಿನಲ್ಲಿ ಬೈಯುವಂತೆ ಬೈದೆ. ನಿಮ್ಮಲ್ಲಿ ಒಬ್ಬರೂ ಇದನ್ನು ಓದಿಲ್ಲ. ಇಂಗ್ಲಿಷ್ ಬರುವ ನಿಮಗಿಂತ ಇಂಗ್ಲಿಷ್ ಬಾರದ ನಾಯಿಯೇ ಇವನ ಮಾತಿಗೆ ಕಾಯುತ್ತಿತ್ತು. ನಿಮ್ಮ ಗಂಟಲು ತೆಗೆದ ಡಾಕ್ಟರು ಕಣ್ಣನ್ನೂ ತೆಗೆದರೇ? ಇಷ್ಟು ಇಂಗ್ಲಿಷಿನಲ್ಲಿ. ಕೆಳಗೆ ಅವನಿಗಾಗಿ ಫ್ರೆಂಚಿನಲ್ಲಿ: ನಾನು ಓದಿದ್ದೇನೆ.

ಹಾಲಾಡಿಯಿಂದ ಮನೆಗೆ ಬರುವಷ್ಟರಲ್ಲಿ ಗುಂಪಿನ ಬಾಗಿಲು ನನಗೆ ಮುಚ್ಚಿತ್ತು. ಯಜಮಾನನ ಪತ್ರ ಮಾತ್ರ ಬಂದಿತ್ತು. ನಮ್ಮ ಗುಂಪು ನಿಂತಿರುವುದು ಕರುಣೆಯ ಮೇಲೆ, ರೋಗಿಗಳಿಗೆ ನೋವಾಗುವ ಮಾತಿಗೆ ಇಲ್ಲಿ ಜಾಗವಿಲ್ಲ, ನಿಮ್ಮ ಸೇವೆಗೆ ಧನ್ಯವಾದ. ಒಂದು ಅಕ್ಷರ ತಪ್ಪಿರಲಿಲ್ಲ.

ಕುರಿಯವನಾದರೂ ಸಿಟ್ಟಿನಿಂದ ಗುಂಪು ಬಿಡುತ್ತಾನೆ ಎಂದುಕೊಂಡಿದ್ದೆ. ಬಿಡಲಿಲ್ಲ. ನನ್ನ ಇಮೇಲಿಗೆ ಬರೆದ: ಫ್ರೆಂಚಿನವರ ಗುಂಪೂ ಒಂದಿದೆ, ಆದರೆ ಅಲ್ಲಿ ಎಲ್ಲರೂ ನನ್ನ ನಾಯಿಯ ಬಗ್ಗೆ ಕೇಳುತ್ತಾರೆ, ಅದನ್ನು ತಡೆದುಕೊಳ್ಳಲಾಗುವುದಿಲ್ಲ. ಇಲ್ಲಿ ಯಾರೂ ಕೇಳುವುದಿಲ್ಲ. ನೀವು ಅವರಿಗೆ ಬೈಯಬಾರದಿತ್ತು. ನನ್ನ ಇಂಗ್ಲಿಷನ್ನು ಹೊಗಳಿದ್ದು ನನಗೆ ಹಿತವಾಗಿತ್ತು, ನೀವು ಒಮ್ಮೆಯೂ ಹೊಗಳಿರಲಿಲ್ಲ.

ಅದಕ್ಕೆ ನಾನು ಉತ್ತರ ಬರೆದೆ. ಹೊಗಳಲಿಲ್ಲ. ಈಗ ಹೊಗಳಿದರೆ ಅದು ಭಿಕ್ಷೆಯಾಗುತ್ತಿತ್ತು, ಅವನಿಗೂ ಅದು ತಿಳಿಯುತ್ತಿತ್ತು.

ಪತ್ರ ನಿಲ್ಲಲಿಲ್ಲ, ಅಷ್ಟೇ ಲಾಭ. ಈ ವರ್ಷ ಅವನು ಒಂದು ನಾಯಿಮರಿ ತಂದಿದ್ದಾನೆ. ಅದು ಅವನ ದನಿ ಕೇಳಿಯೇ ಇಲ್ಲ, ಹಾಗಾಗಿ ಅದಕ್ಕೆ ಯಾವ ಕೊರತೆಯೂ ಗೊತ್ತಿಲ್ಲ. ಒಂದು ಚಪ್ಪಾಳೆಗೆ ನಿಲ್ಲುತ್ತದೆ, ಎರಡಕ್ಕೆ ಬರುತ್ತದೆ. ವಿಡಿಯೋ ಕಳಿಸಿದ್ದ. ಹುಲ್ಲಿನ ಮೇಲೆ ಕಪ್ಪು ಬಿಳಿ ಮರಿಯೊಂದು ಮುಗ್ಗರಿಸುತ್ತಾ ಓಡಿಬಂದು ಅವನ ಬೂಟಿನ ಮೇಲೆ ಬೀಳುತ್ತದೆ. ಹಿಂದೆ ದೂರದಲ್ಲಿ ಯಾರೋ ಬೇರೊಂದು ನಾಯಿಯನ್ನು ಕೂಗುವುದು ಸಣ್ಣಗೆ ಕೇಳುತ್ತದೆ. ನಿಮ್ಮ ಮನೆಯಲ್ಲಿ ಚಪ್ಪಾಳೆ ತಟ್ಟಿದರೆ ಯಾರಾದರೂ ಬರುತ್ತಾರಾ ಎಂದು ಕೆಳಗೆ ಕೇಳಿದ್ದ.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡು ಸಲ ಗಟ್ಟಿಯಾಗಿ ಚಪ್ಪಾಳೆ ತಟ್ಟಿದೆ. ಗಂಡ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಪೇಪರಿನಿಂದ ತಲೆ ಎತ್ತದೆ, "ಕಾಕಿ ಬಂತಾ?" ಎಂದರು, ನಾನು ಕಾಗೆ ಓಡಿಸುತ್ತಿದ್ದೇನೆ ಎಂದುಕೊಂಡು.

ನಾನು ಹೌದೆಂದು ತಲೆಯಾಡಿಸಿ ಒಳಗೆ ಬಂದೆ. ಅವರು ಅದನ್ನೂ ನೋಡಲಿಲ್ಲ.