ದೇವರ ಹಲಸಿಗೆ ಮೂವತ್ತಿಂಚಿನ ಬಾರ್

ಎಂಬತ್ತರ ದಶಕದ ಆರಂಭದಲ್ಲಿ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಉಗ್ರಾಣದ ಉಸ್ತುವಾರಿಯಾಗಿದ್ದೆ. ಯಂತ್ರಗಳನ್ನು ದೂರದೂರುಗಳಿಗೆ ಕಳುಹಿಸಲು ಬೇಕಾದ ಮರದ ಪೆಟ್ಟಿಗೆಗಳು ಅಲ್ಲಿ ತಯಾರಾಗುತ್ತಿದ್ದವು. ಪಾಠಶಾಲೆಯಲ್ಲಿ ಸಂಸ್ಕೃತ ವ್ಯಾಕರಣ ಓದಿದವನು ಮೊಳೆ, ತಿರುಪುಗಳ ನಡುವೆ ಬಂದು ಕುಳಿತದ್ದೇಕೆಂದು ಕೆಲವರು ಮರುಗುತ್ತಿದ್ದರು. ಮರುಗಬೇಕಾದದ್ದೇನೂ ಇರಲಿಲ್ಲ. ಯಾವುದು ಯಾವುದಕ್ಕೆ ಹೊಂದುತ್ತದೆ ಎಂಬುದನ್ನು ಅರಿಯುವುದೇ ಅಲ್ಲಿಯೂ ವಿದ್ಯೆ, ಇಲ್ಲಿಯೂ ವಿದ್ಯೆ. ಆ ವಿದ್ಯೆಯ ಗಾಳಿಯೂ ಸೋಕದ ಒಬ್ಬ ಮನುಷ್ಯನ ಕೈಕೆಳಗೆ ದುಡಿಯಬೇಕಾಯಿತಲ್ಲ ಎಂಬುದೊಂದೇ ನನ್ನ ದುಃಖ.

ಆತ ಮಾಲೀಕರ ಭಾವಮೈದುನ. ಆ ಒಂದೇ ಅರ್ಹತೆಯ ಬಲದಿಂದ ಖರೀದಿ ಅಧಿಕಾರಿಯಾಗಿದ್ದ. ವಸ್ತು ಯಾವುದೇ ಇರಲಿ, ಅಂಗಡಿಯಲ್ಲಿದ್ದವುಗಳಲ್ಲೆಲ್ಲ ಅತ್ಯಂತ ದೊಡ್ಡದನ್ನು ತರುವುದೇ ಆತನ ಖರೀದಿಯ ಸಿದ್ಧಾಂತ.

ನಮ್ಮಲ್ಲಿ ಒಂದು ಚೈನ್ ಗರಗಸವಿತ್ತು. ಕೈಯಲ್ಲಿ ಹಿಡಿಯುವ ಒಂದು ಎಂಜಿನ್, ಅದರ ಮುಂದೆ ಚಾಚಿದ ಉಕ್ಕಿನ ಪಟ್ಟಿ. ಆ ಪಟ್ಟಿಗೆ ಬಾರ್ ಎನ್ನುತ್ತಾರೆ. ಬಾರಿನ ಅಂಚಿನುದ್ದಕ್ಕೂ ಇರುವ ಸಂದಿನಲ್ಲಿ ಹಲ್ಲುಗಳುಳ್ಳ ಚೈನ್ ಓಡುತ್ತದೆ. ಚೈನಿನ ಕೆಳಗಾಲುಗಳು ಆ ಸಂದಿನಲ್ಲಿ ಅಲುಗದೆ ಕೂರಬೇಕು. ಕೊಂಡಿಗಳ ಅಂತರ ಎಂಜಿನ್ನಿನ ಹಲ್ಲುಚಕ್ರಕ್ಕೆ ಒಪ್ಪಬೇಕು. ಬಾರಿನ ಉದ್ದ ಎಂಜಿನ್ನಿನ ಕಸುವನ್ನು ಮೀರಬಾರದು. ನಮ್ಮ ಗರಗಸದೊಡನೆ ಬಂದ ಹದಿನಾರಿಂಚಿನ ಬಾರ್ ಈ ಮೂರು ಮಾತುಗಳನ್ನೂ ನಡೆಸಿಕೊಟ್ಟಿತ್ತು. ಅದು ಅಧಿಕಾರಿಯ ಕಣ್ಣಿಗೆ ಆಟಿಕೆಯಂತೆ ಕಂಡಿತು. ಆತ ಮದ್ರಾಸಿಗೆ ಹೋಗಿ ಮೂವತ್ತಿಂಚಿನದೊಂದನ್ನು ತಂದು ನನ್ನ ಮೇಜಿನ ಮೇಲೆ ಮಲಗಿಸಿದ.

"ಏನ್ ಸ್ವಾಮಿಗಳೇ, ಹೆಂಗಿದೆ? ಇಡೀ ಪೀಣ್ಯದಲ್ಲಿ ಇಷ್ಟುದ್ದದ್ದು ಯಾರ ಹತ್ರಾನೂ ಇಲ್ಲ!"

ನಾನು ಅದರ ಜೊತೆಗೆ ತಂದಿದ್ದ ಚೈನನ್ನು ಸಂದಿನಲ್ಲಿ ಕೂರಿಸಿ ಬೆರಳಿನಿಂದ ತಳ್ಳಿ ನೋಡಿದೆ. ಅದು ಕುಡಿದವನಂತೆ ಎಡಕ್ಕೂ ಬಲಕ್ಕೂ ವಾಲಿತು.

"ಈ ಚೈನು ಈ ಬಾರಿಂದಲ್ಲ. ಕಾಲು ಸಣ್ಣ, ಸಂದು ಅಗಲ. ಕುಯ್ದ್ರೆ ಸೊಟ್ಟ ಹೋಗುತ್ತೆ. ನಮ್ಮ ಎಂಜಿನ್ನಿಗೆ ಇಷ್ಟುದ್ದ ಎಳೆಯೋ ಶಕ್ತೀನೂ ಇಲ್ಲ."

"ಎಣ್ಣೆ ಬಿಟ್ರೆ ಕೂತ್ಕೊಳುತ್ತೆ ಬಿಡ್ರೀ. ನೀವು ಪಂಚಾಂಗ ನೋಡ್ಕೊಳ್ಳಿ, ಮಿಷಿನ್ ನನಗ್ ಬಿಡಿ."

ಪಂಚಾಂಗದಲ್ಲಿ ತಿಥಿಯೊಂದು ತಪ್ಪಿದರೆ ವ್ರತ ಕೆಡುತ್ತದೆ ಎಂಬುದನ್ನು ಅರಿತವನು ನಾನು. ಹಳೆಯ ಬಾರನ್ನೂ ಅದರ ಚೈನನ್ನೂ ಒರೆಸಿ ಚೀಲದಲ್ಲಿಟ್ಟೆ.

ಆ ವರ್ಷ ಯುಗಾದಿ ಕಳೆದ ಮೇಲೆ ಬೀಸಿದ ಬಿರುಗಾಳಿಗೆ, ಕಾರ್ಖಾನೆಯ ಹಿಂದಿದ್ದ ಆಂಜನೇಯನ ಗುಡಿಯ ಹಲಸಿನ ಮರ ಬುಡಸಮೇತ ಉರುಳಿತು. ಗುಡಿಯ ಬಾಗಿಲುವಾಡ ಗೆದ್ದಲು ತಿಂದು ಪುಡಿಯಾಗಿತ್ತು. ಊರಿನ ಯಜಮಾನರಾದ ಗೌಡರು ನಮ್ಮ ಕಾರ್ಖಾನೆಯ ಗೇಟಿಗೆ ಬಂದರು. ಒಂದು ಕಾಲಕ್ಕೆ ನಾವು ನಿಂತ ನೆಲದಲ್ಲೇ ರಾಗಿ ಬೆಳೆದವರು, ಈಗ ರಾಜಗೋಪಾಲನಗರದ ಕೆಲಸಗಾರರಿಗೆ ಸಾಲುಮನೆಗಳನ್ನು ಬಾಡಿಗೆಗೆ ಕೊಟ್ಟವರು. ದೇವರ ಮರದಿಂದಲೇ ದೇವರ ಬಾಗಿಲಾಗಬೇಕೆಂಬುದು ಅವರ ಸಂಕಲ್ಪ. ಕಲ್ಲಿನ ಗೋಡೆಯ ತೆರವು ಎಂಟಡಿ ಎತ್ತರ. ನಿಲುವುಗಳಿಗೆ ಎಂಟಡಿಯ ದಿಮ್ಮಿ ಬೇಕು. ಬುಡದ ಪೊಟರೆಯನ್ನೂ ಮೇಲಿನ ಕವಲನ್ನೂ ಬಿಟ್ಟರೆ ಆ ಮರದಲ್ಲಿ ಗಟ್ಟಿಯಾಗಿದ್ದ ನೇರ ಭಾಗ ಎಂಟಡಿ ನಾಲ್ಕು ಬೆರಳು, ಅಷ್ಟೇ. ಒಂದು ಕೊಯ್ತ ಕೆಟ್ಟರೆ ಸಂಕಲ್ಪವೂ ಕೆಟ್ಟಂತೆ.

ಅಧಿಕಾರಿ ತನ್ನ ಹೊಸ ಬಾರನ್ನು ಹೊರಿಸಿಕೊಂಡು ಮೆರವಣಿಗೆ ಬಂದ ಹಾಗೆ ಬಂದ. ನಾನು ಮರಕ್ಕೆ ಅರಿಶಿನ ಕುಂಕುಮವಿಟ್ಟು, ಅದರಲ್ಲಿ ನೆಲೆಸಿರುವ ಜೀವಗಳು ಬೇರೆಡೆಗೆ ಸುಖವಾಗಿ ತೆರಳಲೆಂದು ಪ್ರಾರ್ಥಿಸಿ, ಕಾಯಿ ಒಡೆದೆ. ಹಾಗೆ ಕ್ಷಮೆ ಬೇಡಿದ ಮೇಲೆ ಕಡಿಯುವುದರಲ್ಲಿ ದೋಷವಿಲ್ಲ.

ಗೌಡರು ಮರದ ಸುತ್ತ ಒಂದು ಸುತ್ತು ಬಂದು ಹೇಳಿದರು: "ಸಾಮಿ, ಬುಡ ಅಲ್ಲಿ ಬೇರಿನ್ ಮ್ಯಾಲೆ ಕುಂತದೆ, ಕೊಂಬೆ ಇಲ್ಲಿ ಕಟ್ಟೆ ಮ್ಯಾಲದೆ. ನಡು ಬಗ್ತಾ ಅದೆ. ಮ್ಯಾಲಿಂದಾನೆ ಕುಯ್ಕೊಂಡ್ ಓದ್ರೆ ಬಾಯಿ ಮುಚ್ಕೊಂತದೆ. ಒಂಚೂರು ಒಳಕ್ ಓದೇಟ್ಗೆ ಬೆಣೆ ಒಡೀರಿ, ಆಮ್ಯಾಕೆ ಕೆಳಗಿಂದ ಕುಯ್ರಿ."

ಯಾವ ಪುಸ್ತಕವನ್ನೂ ತೆರೆಯದ ಆ ಮನುಷ್ಯ ಇಡೀ ಶಾಸ್ತ್ರವನ್ನು ಹೇಳಿ ಮುಗಿಸಿದ್ದರು. ಅಧಿಕಾರಿಗೆ ಮಾತ್ರ ಆ ಕ್ಷಣದಲ್ಲಿ ಭಕ್ತಿ ಉಕ್ಕಿಬಂತು.

"ಏನ್ ಗೌಡ್ರೇ, ದೇವರ ಮರ ಕಣ್ರೀ! ಈಗ ತಾನೇ ಪೂಜೆ ಆಗಿದೆ. ಅದರ ಮೈಗೆ ಬೆಣೆ ಇಟ್ಟು ಸುತ್ತಿಗೇಲಿ ಹೊಡೆಯೋದಾ? ಅಪಚಾರ!"

"ಬೆಣೆ ಒಡೆದ್ರೆ ನೋಯ್ತದೆ, ಗರಗ್ಸ ಏನ್ ಕಚಗುಳಿ ಇಡ್ತದಾ ಬುದ್ಧೀ?" ಎಂದರು ಗೌಡರು.

ಪೂಜೆ ಮಾಡಿದವನು ನಾನು. ಬೆಣೆಗೆ ಯಾವ ನಿಷೇಧವೂ ಇಲ್ಲವೆಂದು ನಾನೇ ಹೇಳಿದೆ. ನೆರೆದಿದ್ದ ಕೆಲಸಗಾರರು ಅಧಿಕಾರಿಯ ಕಡೆಗೆ ತಿರುಗಿ, "ಹೌದು ಸಾರ್, ಅಪಚಾರ ಸಾರ್" ಎಂದು ಕೆನ್ನೆ ಬಡಿದುಕೊಂಡರು. ಸಂಬಳ ಕೊಡುವವನ ಭಕ್ತಿಗೆ ಇರುವ ಪ್ರಾಮಾಣ್ಯ ಪೂಜೆ ಮಾಡಿದವನ ಮಾತಿಗೆ ಎಲ್ಲಿಯದು!

ಗರಗಸ ಹಿಡಿದ ಕೆಲಸಗಾರ ಕವಲಿನ ಬಳಿ ಮೇಲಿನಿಂದ ಕೊಯ್ಯತೊಡಗಿದ. ಎಂಜಿನ್ ಏದುಸಿರು ಬಿಟ್ಟಿತು. ಚೈನ್ ವಾಲಿಕೊಂಡೇ ಮರವನ್ನು ಹೊಕ್ಕಿತು. ಕೊಯ್ತ ನಮ್ಮ ಎಂಟಡಿಯ ಕಡೆಗೇ ಸರಿಯಿತು. ಅರ್ಧ ಇಳಿಯುವಷ್ಟರಲ್ಲಿ ಮರ ಸಣ್ಣಗೆ ನರಳಿ, ತೆರೆದ ಬಾಯಿಯನ್ನು ಮುಚ್ಚಿಕೊಂಡಿತು. ಬಾರ್ ಸಿಕ್ಕಿಬಿತ್ತು.

"ಸಾರ್, ಕಚ್ಕೊಂಬಿಡ್ತು. ಆಫ್ ಮಾಡ್ಲಾ?"

"ಬೇಡ, ರೇಸ್ ಮಾಡು! ಏಯ್, ಇಬ್ರು ಬಂದು ಹಿಡಿದು ಎಳೀರೋ!"

ಇಬ್ಬರು ಎಡಕ್ಕೆ ಎಳೆದರು, ಬಲಕ್ಕೆ ಎಳೆದರು. ಸುಟ್ಟ ವಾಸನೆ ಬಂತು. ಕೊನೆಗೆ ಎಂಜಿನ್ ತಾನಾಗಿಯೇ ನಿಂತಿತು; ಆ ಗುಂಪಿನಲ್ಲಿ ವಿವೇಕವಿದ್ದದ್ದು ಅದೊಂದಕ್ಕೇ. ಅಧಿಕಾರಿ ಕೊಡಲಿ ತರಿಸಿ, ಕೊಯ್ತದಿಂದ ಒಂದಡಿ ಬುಡದ ಕಡೆಗೆ ಬೆರಳು ತೋರಿಸಿ, "ಇಲ್ಲಿ ಕಡಿದು ಬಾರ್ ಬಿಡಿಸ್ಕೊಳ್ಳಿ" ಎಂದ. ಅವನು ತೋರಿಸಿದ್ದು ಎಂಟಡಿಯ ಒಳಗಿನ ಜಾಗ. ಗೌಡರು ಮರಕ್ಕೆ ಬೆನ್ನು ಕೊಟ್ಟು ಅಡ್ಡ ನಿಂತರು.

"ಇಲ್ಲಿ ಕೊಡ್ಲಿ ಎತ್ತಾದಾದ್ರೆ ಮೊದ್ಲು ನನ್ ಮ್ಯಾಲೆ ಎತ್ತು."

ಕೊಡಲಿ ಹಿಡಿದವನು ಗೌಡರದೇ ಸಾಲುಮನೆಯ ಬಾಡಿಗೆದಾರ. ಕೊಡಲಿಯನ್ನು ಮೆಲ್ಲಗೆ ನೆಲಕ್ಕಿಟ್ಟ.

ಆಗ ನಾನು ಮುಂದೆ ಬಂದೆ. ಎರಡು ನಟ್ಟುಗಳನ್ನು ಬಿಚ್ಚಿ ಎಂಜಿನ್ನನ್ನು ಬೇರ್ಪಡಿಸಿ, ಬಾರನ್ನು ಮರದಲ್ಲಿಯೇ ಬಿಟ್ಟೆ. ಲಾರಿಯ ಜಾಕ್ ತರಿಸಿ ದಿಮ್ಮಿಯ ನಡುವಿಗೆ ಆನಿಸಿದೆವು. ಗೌಡರು ಜಾಲಿ ಮರದ ಎರಡು ಬೆಣೆ ಕೆತ್ತಿ, ಕೊಯ್ತದ ಬಾಯಿಗೆ ಇಟ್ಟು, ಸಣ್ಣ ಏಟುಗಳಿಂದ ಇಳಿಸಿದರು. ಒಂದೊಂದು ಏಟಿಗೂ ಅಧಿಕಾರಿ ಗುಡಿಯ ಕಡೆಗೆ ತಿರುಗಿ ಕೈ ಮುಗಿಯುತ್ತಿದ್ದ. ತಾನು ಮಾಡಿದ ಹಾಳಿಗೆ ಒಮ್ಮೆಯೂ ಮುಗಿಯಲಿಲ್ಲ. ಮರ ಬಾಯಿ ತೆರೆಯಿತು. ಹೊರಬಂದ ಬಾರ್ ಬಿಲ್ಲಿನಂತೆ ಬಾಗಿತ್ತು, ಸಂದಿನ ತುಟಿಗಳು ಅರಳಿಹೋಗಿದ್ದವು, ಚೈನಿನ ಕಾಲುಗಳು ಜಜ್ಜಿಹೋಗಿದ್ದವು.

ಜೊತೆಗೆ ತಂದಿದ್ದ ಚೀಲದಿಂದ ಹದಿನಾರಿಂಚಿನ ಬಾರನ್ನೂ ಅದರದೇ ಚೈನನ್ನೂ ತೆಗೆದು ಜೋಡಿಸಿದೆ. ಬೆಣೆಗಳು ಬಾಯಿಯನ್ನು ತೆರೆದು ಹಿಡಿದಿರಲು, ಅದೇ ಕೆಲಸಗಾರ ಕೆಳಗಿನಿಂದ, ಮೊದಲು ಒಂದು ಮಗ್ಗುಲು, ಆಮೇಲೆ ಇನ್ನೊಂದು ಮಗ್ಗುಲು ಕೊಯ್ದ. ಆಟಿಕೆ ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ.

ದಿಮ್ಮಿ ಉಳಿಯಿತು, ಪೂರ್ತಿ ಉಳಿಯಲಿಲ್ಲ. ಸೊಟ್ಟ ಹೋದ ಕೊಯ್ತವನ್ನು ಬಡಗಿ ನೇರ ಮಾಡಿದಾಗ ಎಂಟಡಿಗೆ ಎರಡು ಬೆರಳು ಕಡಿಮೆ ಬಿತ್ತು. ತುಂಡು ಕೂಡಿಸಿ ಕಟ್ಟುವುದು ಬೇಡ, ದೇವರ ಬಾಗಿಲು ಏಕಮರದ್ದೇ ಆಗಲಿ ಎಂದು ಗೌಡರು ಪಟ್ಟು ಹಿಡಿದರು. ತಳಕ್ಕೆ ಎರಡು ಬೆರಳು ದಪ್ಪದ ಕಲ್ಲು ಹಾಸಿ ಅದರ ಮೇಲೆ ಬಾಗಿಲುವಾಡ ನಿಲ್ಲಿಸಿದರು. ಹೊಸ್ತಿಲು ಅಷ್ಟು ಮೇಲೇರಿತು. ಪ್ರವೇಶದ ದಿನ ಎಲ್ಲರಿಗಿಂತ ಮೊದಲು ಒಳನುಗ್ಗಿದ ಅಧಿಕಾರಿ ಅದನ್ನೇ ಎಡವಿ, "ಯಾವನ್ರೀ ಇಷ್ಟೆತ್ತರ ಇಟ್ಟೋನು!" ಎಂದು ಗದರಿದ.

ಇಂದಿಗೂ ಶನಿವಾರ ಆ ಗುಡಿಗೆ ಹೋಗುತ್ತೇನೆ. ಹೊಸ್ತಿಲು ದಾಟುವಾಗ ಕಾಲನ್ನು ತುಸು ಹೆಚ್ಚು ಎತ್ತಬೇಕು. ಎತ್ತಿದಾಗಲೆಲ್ಲ ಆ ಮೂರ್ಖ ನೆನಪಾಗುತ್ತಾನೆ. ಬಾರ್ ಬಾಗಿಸಿದ್ದನ್ನು ಎಂದೋ ಕ್ಷಮಿಸಿದ್ದೇನೆ. ಆಂಜನೇಯನೊಬ್ಬನೇ ನೆನಪಿಗೆ ಬರಬೇಕಾದ ಆ ಎರಡು ಬೆರಳಿನ ಜಾಗದಲ್ಲಿ ಅವನು ಬಂದು ಕುಳಿತದ್ದನ್ನು ಇನ್ನೂ ಕ್ಷಮಿಸಲಾಗಿಲ್ಲ.