ಸಾಯದ ಹುಳದ ರೇಷ್ಮೆ

ನಾತಕ್ಕೆ ಹೇಸುವ ಪೈಕಿಯಲ್ಲ ನೂರೀನ್. ರಾಮನಗರದ ರೇಷ್ಮೆ ಬಿಚ್ಚುವ ಮನೆಯಲ್ಲಿ ಹುಟ್ಟಿದವಳು. ಕುದಿನೀರಿಗೆ ಗೂಡು ಹಾಕಿ ನೂಲೆಳೆದ ಮೇಲೆ ಉಳಿಯುವ ಹುಳದ ಹೆಣವನ್ನು ಹಿತ್ತಲಲ್ಲಿ ಹರವಿದರೆ, ನೆಂಟರು ಆ ಬೀದಿಗೆ ಮೂಗು ಮುಚ್ಚಿಕೊಂಡು ಬರುತ್ತಿದ್ದರು. ಇವಳು ಅದರ ಪಕ್ಕದಲ್ಲೇ ಕೂತು ರೊಟ್ಟಿ ತಿಂದು ಬೆಳೆದಳು.

ಅವಳಿಗೆ ಹೇಸಿಗೆಯಾಗುತ್ತಿದ್ದುದು ಖಾಲಾಳ ಕೈ ಕಂಡಾಗ. ಖಾಲಾ ಅಂದರೆ ಶರ್ಫುನ್ನೀಸಾ, ಅವಳ ತಾಯಿಯ ತಂಗಿ. ತಾಯಿ ತೀರಿಕೊಂಡ ಮೇಲೆ ಸಾಕಿದವಳೂ ಅವಳೇ. ಸುಡುವ ನೀರಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಅವಳ ಬೆರಳು ಬೆಳ್ಳಗೆ ಊದಿಕೊಂಡಿದ್ದವು, ಸಂದುಗಳಲ್ಲಿ ಕೀವು. ಸಾರನ್ನ ಕಲಸಿದರೆ ಉರಿ ಅಂತ ಚಮಚದಲ್ಲಿ ತಿನ್ನುತ್ತಿದ್ದಳು. ಮದುವೆ ಮನೆಗೆ ಹೋದರೆ ಕೈ ಸೆರಗಿನ ಒಳಗೇ. ಕೈಯ ಮೇಲಲ್ಲ ನೂರೀನಳ ಅಸಹ್ಯ, ಆ ಕೈಯಿಂದ ಬಂದ ಸೀರೆ ಉಟ್ಟು "ಎಷ್ಟು ಮೆತ್ತಗಿದೆ!" ಅಂತ ಕೆನ್ನೆಗೆ ಒತ್ತಿಕೊಳ್ಳುವವರ ಮೇಲೆ.

ಅವಳು ಬೆಂಗಳೂರಲ್ಲಿ ಉಡುಪಿನ ಡಿಸೈನ್ ಓದಿದಳು, ಅಲ್ಲೇ ಒಂದು ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕೆ ಸೇರಿದಳು. ಹೊಲಿಯುವ ಹೆಂಗಸರು ಬಚ್ಚಲಿಗೆ ಹೋಗೋದಕ್ಕೂ ಸೂಪರ್‌ವೈಸರನ ಮುಖ ನೋಡಬೇಕಾದ್ದನ್ನು ಕಂಡು, ಥೂ ಅಂತ ಬಿಟ್ಟು ಊರಿಗೆ ಬಂದಳು. ರೇಷ್ಮೆ ಬಿಚ್ಚುವ ಹೆಂಗಸರನ್ನು ಸೇರಿಸಿ ಸಂಘ ಕಟ್ಟಿದಳು. ಕೈಗವಸು ಕೊಡಿ, ಹೊಗೆ ಹೋಗೋಕೆ ಕಿಟಕಿ ಮಾಡಿಸಿ ಅಂತ ರಸ್ತೆಯಲ್ಲಿ ಧರಣಿ ಕೂತಳು. ಕೆಂಪರಾಜು ಅಂತ ಪುಢಾರಿಯೊಬ್ಬ ಬಂದ. ಖಾಲಾಳಿಗೆ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡ. "ಮೇಲಿನೋರ ಹತ್ರ ಮಾತಾಡ್ತೀನಿ ಕಣವ್ವ" ಅಂದು ಕಾರು ಹತ್ತಿ, ಅವಳ ಕೈ ಮುಟ್ಟಿದ್ದಕ್ಕೆ ಅದೇನೋ ದ್ರಾವಣ ಹಚ್ಚಿ ಉಜ್ಜಿಕೊಂಡ. ಕಾರಿನ ಗಾಜು ಇಳಿದಿತ್ತು. ಎಲ್ಲರೂ ನೋಡಿದರು.

ಅವತ್ತೇ ನೂರೀನ್ ಬೇರೆ ದಾರಿ ಹಿಡಿದಳು. ಹುಳ ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಬಂದ ಮೇಲೆ, ಬರೀ ಗೂಡನ್ನು ತೊಳೆದು ಒಣಗಿಸಿ ರಾಟೆಯಲ್ಲಿ ನೂಲಬಹುದು. ಹುಳವೂ ಸಾಯೋದಿಲ್ಲ, ಖಾಲಾ ಸುಡುನೀರಿಗೆ ಕೈ ಹಾಕೋದೂ ಬೇಡ. ಕೋಡಿಹಳ್ಳಿ ಕಡೆಯಿಂದ ಹುಳ ಸಾಕುವ ಬೋರಮ್ಮ ಹಳದಿ ಗೂಡು ತಂದುಕೊಟ್ಟಳು. ಹಿಂದಿನ ಕೋಣೆಯಲ್ಲಿ ಬಿದಿರು ತಟ್ಟೆಗಳಲ್ಲಿ ಹರವಿದರು. ನೂರೀನ್ ಹೊಲಿದ ಕುಪ್ಪಸ, ದುಪಟ್ಟ ಎಲ್ಲವನ್ನೂ ಬೆಂಗಳೂರಿನ ರಾಧಾಮಣಿ ಅನ್ನುವವಳು ತನ್ನ ದೊಡ್ಡ ಅಂಗಡಿಗೆ ಕೊಂಡಳು. ಒಂದೊಂದಕ್ಕೂ ಚೀಟಿ: "ಒಂದು ಜೀವವೂ ಸಾಯದ ರೇಷ್ಮೆ." ಖಾಲಾ ರಾಟೆ ಮುಂದೆ ಕೂತಳು. ಕೀವು ಒಣಗಿತು. ಬಹಳ ಕಾಲದ ಮೇಲೆ ಸಾರನ್ನ ಕೈಯಲ್ಲಿ ಕಲಸಿ ಉಂಡಳು.

ಆದರೆ ಬಿಚ್ಚುವ ಮನೆಯವರು ಹುಟ್ಟಿದಾಗಿಂದ ಗೂಡು ಬೇಯಿಸಿದವರು. ಗೂಡಿನಿಂದ ಚಿಟ್ಟೆ ಎದ್ದು ಬಂದದ್ದನ್ನು ಯಾರೂ ಕಂಡವರಲ್ಲ. ಎದ್ದರೆ ಹಾರಿಹೋಗುತ್ತೆ ಅಂತಲೇ ನೂರೀನ್ ಕೋಣೆಯ ಕಿಟಕಿ ತೆರೆದಿಟ್ಟಿದ್ದಳು. ಒಂದೂ ಹಾರಲಿಲ್ಲ. ರೆಕ್ಕೆ ಪಟಪಟ ಬಡಿದು ತಟ್ಟೆಯಲ್ಲೇ ಸುತ್ತಿದವು, ಕಂದು ಉಚ್ಚೆ ಚಿಮ್ಮಿಸಿದವು, ಅದರಲ್ಲೇ ಹೊರಳಿ ಜೋಡಿಯಾದವು, ಸತ್ತವು. ಗೋಡೆ ಬಾಗಿಲಿಗೆಲ್ಲ ಸಾಸಿವೆ ಎರಚಿದ ಹಾಗೆ ಮೊಟ್ಟೆ. ಅವು ಒಡೆದು ಕೂದಲೆಳೆಯಂಥ ಕರಿ ಮರಿಗಳು ಸೊಪ್ಪಿಲ್ಲದೆ ಗೋಡೆಯ ಮೇಲೇ ಒಣಗಿದವು. ಪೊರಕೆಯಲ್ಲಿ ಗುಡಿಸಿದರೆ ಮೊರ ತುಂಬ.

ಗೂಡು ಕೊಡಲು ಬಂದ ಬೋರಮ್ಮ ಬಾಗಿಲಲ್ಲೇ ನಿಂತಳು. "ಇದೇನವ್ವಾ ನೂರೀ, ಕಸಾಯಿಖಾನೆ ಮಡಗಿದ್ದೀಯ?"

"ಹಾರಿಹೋಗ್ತವೆ ಅಂದ್ಕೊಂಡೆ ಬೋರಕ್ಕ."

"ಅಯ್ಯೋ ನಿನ್ನ! ನಮ್ಮ ಹುಳ ಹಾರಿದ್ದ ಯಾರವ್ವ ಕಂಡೋರು? ಅದಕ್ಕೆ ಬಾಯೂ ಇಲ್ಲ, ಉಣ್ಣಾಕೆ. ನಾನೇನೋ ನೀನು ಮೊಟ್ಟೆ ಮಾಡ್ಸಿ ಮಾರಾಕೆ ಇಕ್ಕೀಯ ಅಂದ್ಕಂಡಿದ್ದೆ."

ನೂರೀನ್ ಮೊರ ಕೆಳಗಿಟ್ಟು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡಳು.

ಚೀಟಿ ಸುಳ್ಳು. ಹೇಳಿದರೆ ಅಂಗಡಿ ಕೈಬಿಡುತ್ತೆ. ಕೈಬಿಟ್ಟರೆ ಖಾಲಾ ಮತ್ತೆ ಸುಡುನೀರಿಗೆ. ಏನು ಮಾಡಲಿ ಅಂತ ಖಾಲಾಳನ್ನೇ ಕೇಳಿದಳು.

"ಹುಳ ಏನು ನಿನ್ನ ಮಾಮೂನಾ ಬೇಟಿ, ಇಷ್ಟು ಅಳೋಕೆ?" ಅಂದಳು ಖಾಲಾ. "ಬಾಯಿ ಮುಚ್ಚಿಕೊಂಡು ಹೊಲಿ. ನಂಗೆ ಈ ಕೈ ಬೇಕು."

ನೂರೀನ್ ಬಾಯಿ ಮುಚ್ಚಿದಳು. ರಾಧಾಮಣಿ ಕ್ಯಾಮರಾದವನನ್ನು ಕರೆದುಕೊಂಡು ಬರುವವರೆಗೂ.

ರಾಧಾಮಣಿಗೆ ಚಿಟ್ಟೆ ಹಾರುವ ವಿಡಿಯೋ ಬೇಕಿತ್ತು. ಕೋಣೆಯ ನಾತಕ್ಕೆ ಸೆಂಟು ಹೊಡೆಸಿದಳು. ಚಿಟ್ಟೆಗಳು ಕದಲದಿದ್ದಾಗ, "ಯಾರಾದ್ರೂ ಬೊಗಸೇಲಿ ಹಿಡಿದು ಮೇಲಕ್ಕೆ ತೂರ್ರಿ, ಹಾರಿದ ಹಾಗೆ ಕಾಣುತ್ತೆ" ಅಂದಳು. ಖಾಲಾ ಎದ್ದು ತೂರಿದಳು. ಅವು ಮೇಲೆ ಹೋಗಿ ಪಟಪಟ ನೆಲಕ್ಕೆ ಬಿದ್ದವು. "ಇನ್ನೊಂದ್ಸಲ ಅಜ್ಜಿ, ನಗ್ತಾ ತೂರಿ." ಖಾಲಾ ನಕ್ಕು ತೂರಿದಳು. ಬಿದ್ದವನ್ನು ಮೆಟ್ಟಿಕೊಂಡೇ ಕ್ಯಾಮರಾದವನು ಹಿಂದೆ ಸರಿದ, ಅವನ ಬೂಟಿನಡಿ ಪಿಚಕ್ ಅಂತು.

"ಸಾಕು ನಿಲ್ಲಿಸ್ರಿ!" ಅಂದಳು ನೂರೀನ್. "ಇವು ಹಾರೋದಿಲ್ಲ. ಇಲ್ಲೇ ಬಿದ್ದು ಸಾಯ್ತವೆ. ಮರಿಗಳೂ ಸಾಯ್ತವೆ. ನಿಮ್ಮ ಚೀಟಿ ಸುಳ್ಳು."

ರಾಧಾಮಣಿ ಕ್ಯಾಮರಾದವನಿಗೆ ನಿಲ್ಲಿಸು ಅಂತ ಸನ್ನೆ ಮಾಡಿದಳು. "ಅದು ನಂಗೂ ಗೊತ್ತು. ಗಿರಾಕಿಗೆ ಯಾಕೆ ಹೇಳ್ಬೇಕು?"

ಅಲ್ಲಿವರೆಗೂ ನೂರೀನಳಿಗೆ ಅಸಹ್ಯ ಅಂದರೆ ಏನು ಅಂತ ಪೂರ್ತಿ ತಿಳಿದಿರಲಿಲ್ಲವೇನೋ. ಕಟ್ಟಿಟ್ಟ ಬಟ್ಟೆಯ ಗಂಟು ಬಿಚ್ಚಿ ಚೀಟಿಗಳನ್ನೆಲ್ಲ ಕತ್ತರಿಸಿ ರಾಧಾಮಣಿಯ ಮುಂದೆ ಸುರಿದಳು. ಖಾಲಾ ಆವತ್ತು ಅವಳನ್ನು ಬೈದ ಬೈಗುಳ ಬೀದಿಗೆಲ್ಲ ಕೇಳಿಸಿತು.

ಈಗ ನೂರೀನ್ ಬೇಯಿಸಿದ ಗೂಡಿನ ರೇಷ್ಮೆಯಲ್ಲೇ ಹೊಲಿಯುತ್ತಾಳೆ. ಸಂಘದವರು ದುಡ್ಡು ಕೂಡಿಸಿ ತಮ್ಮದೇ ಒಂದು ರೇಷ್ಮೆ ಬಿಚ್ಚುವ ಕೊಟ್ಟಿಗೆ ಮಾಡಿಕೊಂಡಿದ್ದಾರೆ. ಗೋಡೆ ಒಡೆದು ಕಿಟಕಿ ಇಟ್ಟಿದ್ದಾರೆ, ಎಳೆ ಹುಡುಕೋದಕ್ಕೆ ಕಡ್ಡಿ ಬ್ರಷ್ಷು, ಕೈಗೆ ರಬ್ಬರ್ ಗವಸು. ಗವಸಿನಲ್ಲಿ ಎಳೆ ಸಿಕ್ಕೋದು ನಿಧಾನ ಅಂತ ಖಾಲಾ ಗೊಣಗುತ್ತಲೇ ಹಾಕಿಕೊಳ್ಳುತ್ತಾಳೆ. ಚನ್ನಪಟ್ಟಣದ ಬೊಂಬೆ ಅಂಗಡಿಗಳ ಸಾಲಲ್ಲಿ, ಮುನಾವರ್ ಅನ್ನುವವನ ಅಂಗಡಿಯ ಜಗಲಿ ಮೇಲೆ ವಾರಕ್ಕೊಮ್ಮೆ ನೂರೀನ್, ಖಾಲಾ ಇಬ್ಬರೂ ಬಟ್ಟೆ ಹರವುತ್ತಾರೆ. ಚೀಟಿಯಲ್ಲಿ ನೂರೀನಳದೇ ಅಕ್ಷರ: "ಇದಕ್ಕೆ ಹುಳ ಸತ್ತಿದೆ. ಕೈ ಸುಟ್ಟಿಲ್ಲ."

ಮೊನ್ನೆ ಮೈಸೂರಿಗೆ ಹೊರಟಿದ್ದ ಹೆಂಗಸೊಬ್ಬಳು ದುಪಟ್ಟ ಕೆನ್ನೆಗೆ ಒತ್ತಿಕೊಂಡು, ಚೀಟಿ ಓದಿ, "ಛೀ, ಹುಳ ಸತ್ತಿದ್ಯಂತೆ!" ಅಂತ ಕೆಳಗೆ ಹಾಕಿ, ತೊಗಲಿನ ಬ್ಯಾಗು ಹೆಗಲಿಗೇರಿಸಿ ಕಾರು ಹತ್ತಿದಳು.

ಖಾಲಾ ಆ ದುಪಟ್ಟ ಎತ್ತಿ ಕೊಡವಿದಳು. "ಪೌಡರ್ ಮೆತ್ತಿಬುಟ್ಟು ಹೋದ್ಲು ನೋಡು, ಹಾಳಾದೋಳು," ಅಂದು, ತನ್ನ ಬೆರಳಿಂದಲೇ ಉಜ್ಜಿ ಉಜ್ಜಿ ತೆಗೆಯತೊಡಗಿದಳು.