ಪಾಸಾದವರಿಗೆ ಗಣಿತ ಕಲಿಸಿದ ಬಗೆ

ಹೋದ ತಿಂಗಳು ನಾನು ಗಣಿತ ಕಲಿಸಲು ಹೋದ ಕ್ಲಾಸಿನಲ್ಲಿ ಎಲ್ಲರಿಗೂ ಗಣಿತ ಬರುತ್ತಿತ್ತು. ಅದೇ ದೊಡ್ಡ ತಲೆನೋವಾಯಿತು.

ಕುಳಗಿ ರಸ್ತೆಯ ನಮ್ಮ ಪುಟ್ಟ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಗಣಿತದ ಮೇಡಂ. ಈ ಸಲ ಹೊಸದಾಗಿ ಸೇರಿದ ಅರವತ್ತು ಜನರಿಗೂ ಒಂದು ಟೆಸ್ಟ್ ಇಟ್ಟೆವು. ನಲವತ್ತು ಪ್ರಶ್ನೆ. ಪಿಯುಸಿ ಗಣಿತ ಮರೆತವರಿಗೆ ಮೂರು ವಾರ ಬ್ರಿಜ್ ಕೋರ್ಸ್. ಒಳ್ಳೆಯ ಕೆಲಸ, ಯಾರು ಬೇಡ ಅಂತಾರೆ?

ಫೇಲಾದವರು ಹನ್ನೊಂದು ಜನ. ಒನ್ ಬೈ ಟೂಗೆ ಒನ್ ಬೈ ತ್ರೀ ಕೂಡಿಸಿ ಎಂದು ಬೋರ್ಡಿನ ಮೇಲೆ ಬರೆದು ತಿರುಗುವುದರೊಳಗೆ ಹನ್ನೊಂದು ಬಾಯಿಂದಲೂ ಉತ್ತರ ಬಂತು. ಇಂಟಿಗ್ರೇಶನ್ ಕೊಟ್ಟೆ. ಅದನ್ನೂ ಮುಗಿಸಿ ನನ್ನ ಮುಖ ನೋಡಿದರು.

ಕ್ಲಾಸ್ ಬಿಟ್ಟ ಮೇಲೆ ಅವರಲ್ಲೊಬ್ಬಳು, ಸಾಂಬ್ರಾಣಿ ಎಂಬ ಊರಿನ ಹುಡುಗಿ ಮಾಲಾ, ಹಿಂದೆಯೇ ಬಂದಳು. ಕೈಯಲ್ಲಿ ಟಿ.ಸಿ. ಅರ್ಜಿ.

“ನಂಗ ಗಣಿತ ಬರ್ತೈತಿ ಅಂತ ತಿಳ್ಕೊಂಡಿದ್ನಿರಿ ಮೇಡಂ. ನಲವತ್ತಕ್ಕ ಮೂರು ಬಿದ್ದಾವ. ನಾಳಿಂದ ಬರೂದಿಲ್ಲರಿ.”

ಕಣ್ಣು ತುಂಬಿಕೊಂಡಿದ್ದವು. ನಾನು ಸೀದಾ ಆಫೀಸಿಗೆ ಹೋಗಿ ಅವಳ ಉತ್ತರ ಪತ್ರಿಕೆ ತೆಗೆಸಿದೆ. ಮೂವತ್ತೇಳು ಸರಿ, ಮೂರು ತಪ್ಪು! ಕಂಪ್ಯೂಟರಿನಲ್ಲಿ ಸರಿ ಉತ್ತರದ ಕಾಲಂ, ತಪ್ಪು ಉತ್ತರದ ಕಾಲಂ ಅದಲುಬದಲಾಗಿದ್ದವು. ಹೆಚ್ಚು ತಪ್ಪು ಮಾಡಿದವರೆಲ್ಲ ಪಾಸು. (ಫಸ್ಟ್ ಬಂದವನು ಒಂದೂ ಸರಿ ಬರೆದಿರಲಿಲ್ಲ. ಅದಕ್ಕೂ ಪ್ರತಿಭೆ ಬೇಕು.)

ಮಾಲಾಳಿಗೆ ವಿಷಯ ಹೇಳಿ ಪ್ರಿನ್ಸಿಪಾಲರ ಬಳಿ ಓಡಿದೆ. ಅವರು ತಲೆ ಹಿಡಿದುಕೊಂಡರು.

“ಲಿಸ್ಟ್ ವೆಬ್‌ಸೈಟಿಗೆ ಹೋಗೇತ್ರಿ ಮೇಡಂ. ಮನಿ ಮಂದಿಗೆಲ್ಲ ಮೆಸೇಜ್ ಮುಟ್ಟ್ಯಾವ. ನಿಮ್ಮ ಮಗ ಪಾಸ್ ಅಂದು, ಈಗ ಫೇಲ್ ಅಂತ ಹೆಂಗ ಹೇಳೂದು?”

“ಮತ್ತ ಅವರಿಗೆ ಕಲಿಸೋದು ಯಾವಾಗ್ರಿ?”

“ಪಾಸಾದವರನ್ನ ಬ್ರಿಜ್ ಕೋರ್ಸಿಗೆ ಕರ್ಯಾಕ ರೂಲ್ಸ್ ಇಲ್ರಿ. ಬೇಕಾದ್ರ ಸನ್ಮಾನಕ್ಕ ಕರೀರಿ!”

ಅವರು ರೇಗಿ ಹೇಳಿದ್ದು. ನಾನು ಅದನ್ನೇ ಹಿಡಿದುಕೊಂಡೆ.

ಮರುದಿನ ನೋಟಿಸ್ ಬಿತ್ತು: ಪಾಸಾದವರಿಗೆ ಸನ್ಮಾನ, ಹಾಜರಿ ಕಡ್ಡಾಯ. ನಲವತ್ತೊಂಬತ್ತು ಜನ ಇಸ್ತ್ರಿ ಮಾಡಿದ ಅಂಗಿ, ಚೂಡಿದಾರ್ ಹಾಕಿಕೊಂಡು ಬಂದರು. ಒಂದೊಂದು ಗುಲಾಬಿ ಕೊಟ್ಟೆವು. ಬಾಗಿಲು ಹಾಕಿದೆವು. ಮಾಲಾ ಚಾಕ್‌ಪೀಸ್ ಹಿಡಿದು ಬೋರ್ಡಿಗೆ ಬಂದು ಅದೇ ಒನ್ ಬೈ ಟೂ, ಒನ್ ಬೈ ತ್ರೀ ಕೂಡಿಸುವ ಲೆಕ್ಕ ಕೊಟ್ಟಳು.

“ಟೂ ಬೈ ಫೈವ್!” ಎಂದಿತು ಸಭೆ.

“ಅದು ಅರ್ಧಕ್ಕಿಂತ ಕಡಿಮಿ ಆತಲ್ಲೋ! ಕೂಡಿಸಿದ ಮ್ಯಾಲೆ ಇಳಿತೈತೇನು?” ಎಂದಳು ಮಾಲಾ.

ಒಬ್ಬೊಬ್ಬರಾಗಿ ಗುಲಾಬಿ ಕೆಳಗಿಟ್ಟು ಪೆನ್ನು ಹುಡುಕತೊಡಗಿದರು.

ಆ ಸನ್ಮಾನ ಒಂದು ದಿನಕ್ಕೆ ಮುಗಿಯುವಂಥದ್ದಾಗಿರಲಿಲ್ಲ. ಎರಡು ವಾರವಾಯಿತು, ನಡೆದೇ ಇದೆ. ಮಾಲಾ ಟಿ.ಸಿ. ಅರ್ಜಿಯ ಹಿಂಬದಿಯಲ್ಲಿ ನಾಳೆಯ ಲೆಕ್ಕ ಬರೆದುಕೊಂಡು ಬರುತ್ತಾಳೆ.

ಮೊನ್ನೆ ಮುಂಡಗೋಡದಿಂದ ಒಬ್ಬ ತಂದೆಯ ಫೋನ್ ಬಂತು. “ರವಿವಾರನೂ ಹುಡುಗ ಮನಿಗೆ ಬರವಲ್ಲ. ಇನ್ನೂ ಎಷ್ಟ್ ದಿನಾರೀ ಅವನ ಸನ್ಮಾನ?”

“ಲಾಗರಿದಮ್ ಬರೂ ತನಕ ಸನ್ಮಾನ ತಪ್ಪಿದ್ದಲ್ರೀ” ಎಂದೆ.